ಬೆನ್ನಿಗೆ ಬಿದ್ದ ಕಲ್ಲು

ಜನವರಿ ೨೨, ಗುರುವಾರ

ಪ್ರೀತಿಯ ಗುಬ್ಬಿಗೆ,

ನಾವಿಬ್ಬರೂ ಕ್ಷೇಮ. ಕೈಕಾಲೆಲ್ಲ ಇದ್ದ ಜಾಗದಲ್ಲೇ ಇವೆ. ಮುಂದಿನದನ್ನು ಓದುವಾಗ ನೀನು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಹೇಳಿಬಿಟ್ಟೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಡಿಗೆ ಮುಗಿಸಿ ಬಂದ ಮೇಲೆ ಎರಡು ಸಲ ಕಾಗದ ಶುರುಮಾಡಿ ಹರಿದು ಹಾಕಿದೆ. ಫೋನ್ ಇರುವಾಗ ಇದೆಲ್ಲ ಏಕೆ ಎಂದು ಕೇಳುತ್ತೀಯ. ಫೋನಿನಲ್ಲಾದರೆ ನಾನು ಅಳುತ್ತೇನೆ, ನೀನು ರೇಗುತ್ತೀಯ, ವಿಷಯ ಅಲ್ಲೇ ಉಳಿಯುತ್ತದೆ.

ಚಳಿಗಾಲದಲ್ಲಿ ದೋಣಿಗಳ ರಿಪೇರಿ ಕೆಲಸ ಕಡಿಮೆಯಾಗುತ್ತಿದ್ದಂತೆ ನಿಮ್ಮಪ್ಪ ವರ್ಕ್‌ಶಾಪಿಗೆ ಬೀಗ ಹಾಕಿ ಗುಡಾರವನ್ನು ಹಿತ್ತಲಲ್ಲಿ ಹರಡುವುದು ನಿನಗೆ ಗೊತ್ತೇ ಇದೆ. ಈ ಸಲ ನಾವು ಹಿಡಿದದ್ದು ದಕ್ಷಿಣದ ದಾರಿ. ಎತ್ತರದ ಬಂಡೆಗೋಡೆಯ ಬುಡದಲ್ಲಿ, ಮರಳಿನ ಮೇಲೇ ನಡೆಯಬೇಕು. ನೀರು ಏರುವ ಹೊತ್ತಿಗೆ ಅಲ್ಲಿರಬಾರದು.

ಹೊರಡುವ ಮುಂಚೆಯೇ ಜಗಳವಾಯಿತು, ನಿನ್ನ ವಿಷಯಕ್ಕೆ. ಹಿಂದಿನ ರಾತ್ರಿ ತಂಗಿದ್ದ ಬಾಡಿಗೆ ಕೋಣೆಯಲ್ಲಿ ಬೂಟಿನ ಲೇಸು ಕಟ್ಟಿ ಮುಗಿಸಿ, ಅವರ ಎದುರಿಗೆ ನಿಂತು ನಾನೇ ಎತ್ತಿದೆ. “ಅವಳು ಫೋನ್ ಮಾಡಿದಾಗಲೆಲ್ಲ ತಂದು ನನ್ನ ಕೈಗೆ ತುರುಕ್ತೀರಿ. ಒಂದ್ಸಲ ನೀವೇ ಮಾತಾಡಿ. ಮಗಳು ಅವಳು, ವಿಮೆ ಮಾರೋಕೆ ಮಾಡ್ತಿಲ್ಲ.”

“ನಂಗೆ ಫೋನಲ್ಲಿ ಮಾತಾಡೋಕೆ ಬರಲ್ಲ.”

“ಪಂಪಿನಂಗಡಿಯವನ ಜೊತೆ ಗಂಟೆಗಟ್ಟಲೆ ಹರಟ್ತಿದ್ರಲ್ಲ?”

“ಆಗ ಬರ್ತಿತ್ತು,” ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ನೀಲಿ ದೋಣಿಯ ಎಂಜಿನ್ ಮುಂದೆ ನಿಮ್ಮಿಬ್ಬರಿಗೂ ಆದ ಜಗಳವನ್ನು ಅವರು ಇನ್ನೂ ನುಂಗಿಲ್ಲ ಎಂದುಕೊಂಡೆ. ಬೇರಿಂಗ್ ಹೋಗಿದೆ ಎಂದು ನೀನು, ಸುಳ್ಳು ಹೇಳಬೇಡ ಎಂದು ಅವರು, ಅದೂ ಗಿರಾಕಿಯ ಎದುರಿಗೆ. ಆ ವಾರವೇ ನೀನು ಸಲಕರಣೆ ಪೆಟ್ಟಿಗೆ ಎತ್ತಿಕೊಂಡು ದೂರದ ಬೋಟ್‌ಯಾರ್ಡಿಗೆ ಹೋದೆ. ಅಂದಿನಿಂದ ಈ ಮನೆಯಲ್ಲಿ ಫೋನು ನನ್ನೊಬ್ಬಳದೇ ಆಯಿತು.

ನಡಿಗೆಯಲ್ಲಿ ನಮಗೊಂದು ಕಟ್ಟಳೆ ಇದೆ. ಚಿಕ್ಕವಳಿದ್ದಾಗ ನೀನು ಇದಕ್ಕೆ ನಗುತ್ತಿದ್ದೆ. ಜಗಳವಾಡಿ ಹೊರಟರೆ ಒಬ್ಬರು ಮುಂದೆ, ಒಬ್ಬರು ಹಿಂದೆ, ಮಾತಿಲ್ಲ. ಹಿಂದಿನವರು “ಟೀ ಕುಡಿಯೋಣವಾ” ಎಂದು ಕೂಗಿದರೆ ರಾಜಿಗೆ ಬಂದಿದ್ದಾರೆ ಎಂದರ್ಥ. ಮುಂದಿನವರು ನಿಲ್ಲಲೇಬೇಕು. ಇಷ್ಟು ವರ್ಷಗಳಲ್ಲಿ ನಿಲ್ಲದೆ ಹೋದದ್ದು ಎಂದೂ ಇಲ್ಲ.

ಮಧ್ಯಾಹ್ನದವರೆಗೂ ಅವರ ಬೆನ್ನು ನೋಡುತ್ತಲೇ ನಡೆದೆ. ಗಾಳಿ ಸಮುದ್ರದ ಕಡೆಯಿಂದ ಬೀಸಿ ಕೆನ್ನೆ ಕೊರೆಯುತ್ತಿತ್ತು. ಚೀಲಕ್ಕೆ ನೇತುಹಾಕಿದ್ದ ಪಾತ್ರೆ ಅವರ ಹೆಜ್ಜೆಗೊಮ್ಮೆ ಟಣ್ ಎನ್ನುತ್ತಿತ್ತು. ಒಂದು ಕಡೆ ಬಂಡೆ ಸಂದಿಗೆ ಕೊಕ್ಕೆ ಹಾಕಿ ಏಡಿ ಹಿಡಿಯುತ್ತಿದ್ದ ಹೆಂಗಸೊಬ್ಬಳು ಅವರಿಗೆ ಏನೋ ಹೇಳಿದಳು. ಅವರು ನಕ್ಕು ತಲೆಯಾಡಿಸಿ ಮುಂದೆ ಹೋದರು. ನಾನು ಹತ್ತಿರ ಬಂದಾಗ ಅವಳು, “ನಿಮ್ಮೋರಿಗೆ ಹೇಳಿದೀನಿ ಅಕ್ಕ. ಮುಂದೆ ನೀರಿಗೆ ಚಾಚ್ಕೊಂಡಿರೋ ಮೂತಿ ಬಂಡೆ ಸುತ್ತೋಕೆ ಹೋಗ್ಬೇಡಿ, ಇವತ್ತು ಗಾಳಿ ನೀರನ್ನ ಬೇಗ ತಳ್ತಿದೆ. ಕಲ್ಲಿನ ಮೆಟ್ಲು ಸಿಗುತ್ತೆ, ಹತ್ಕೊಂಡು ಮೇಲಿಂದ ಹೋಗಿ,” ಎಂದಳು.

ಸರಿ, ಹೇಗೂ ಅವರಿಗೆ ಗೊತ್ತಿದೆ ಎಂದು ನಾನೂ ನಿಧಾನವಾಗಿಯೇ ನಡೆದೆ.

ಮೆಟ್ಟಿಲು ಬಂತು. ಅವರು ಅದರ ಪಕ್ಕದಲ್ಲೇ ಹಾದು ನೇರ ಮುಂದೆ ಹೋದರು.

ನನಗೆ ಮೈಯೆಲ್ಲ ಉರಿಯಿತು. ನನ್ನ ಮೇಲಿನ ಹಟಕ್ಕೆ ಆ ಹೆಂಗಸಿನ ಮಾತನ್ನೂ ಗಾಳಿಗೆ ತೂರುತ್ತಿದ್ದಾರಲ್ಲ ಎನಿಸಿತು. ಆದರೂ ಕಟ್ಟಳೆಯಂತೆ ನಾನೇ ಸೋತು, “ರೀ, ಟೀ ಕುಡಿಯೋಣವಾ” ಎಂದು ಕೂಗಿದೆ. ನಿಲ್ಲಲಿಲ್ಲ. ಮತ್ತೆ ಕೂಗಿದೆ. ಚೀಲದ ಪಟ್ಟಿ ಸರಿಮಾಡಿಕೊಂಡರೇ ಹೊರತು ತಿರುಗಲಿಲ್ಲ. ರಾಜಿಯೂ ಬೇಡವಾಯಿತಾ ಎಂದುಕೊಂಡು ನಾನು ಮೆಟ್ಟಿಲ ಮೇಲೆ ಕುಳಿತೆ. ಹೌದು ಗುಬ್ಬಿ, ಕುಳಿತುಬಿಟ್ಟೆ. ಹೋಗಲಿ, ಬೂಟು ನೆನೆದ ಮೇಲೆ ತಾವೇ ಬರುತ್ತಾರೆ ಎಂದುಕೊಂಡೆ.

ಆಗ ಮೂತಿ ಬಂಡೆಯ ತುದಿಯಲ್ಲಿ ನೀರು ಎದ್ದದ್ದು ಕಂಡಿತು. ಅಲೆ ಒಡೆಯಲಿಲ್ಲ. ದಪ್ಪಗೆ, ಬೂದುಬಣ್ಣದ ಗೋಡೆಯ ಹಾಗೆ ಏರಿ, ಬಂಡೆಯನ್ನು ಅರ್ಧಕ್ಕೆ ಮುಚ್ಚಿ ಇಳಿಯಿತು. ಅದರ ಹಿಂದೆ ಇನ್ನೊಂದು ಬರುತ್ತಿತ್ತು. ನಿಮ್ಮಪ್ಪ ತಲೆ ತಗ್ಗಿಸಿ, ಪಾಚಿಯ ಮೇಲೆ ಕಾಲಿಡಲು ಜಾಗ ಹುಡುಕುತ್ತ ಅತ್ತಲೇ ಹೋಗುತ್ತಿದ್ದರು. “ನೀರು! ನಿಲ್ಲಿ!” ಎಂದು ಗಂಟಲು ಹರಿಯುವಂತೆ ಕಿರುಚಿದೆ. ಚೀಲ ಬಿಸಾಕಿ ಓಡಿದೆ. ಜಾರಿ ಮೊಣಕಾಲಿಗೆ ಪೆಟ್ಟಾಯಿತು. ಎದ್ದು ಓಡಿ ಮುಟ್ಟುವಷ್ಟು ಹೊತ್ತಿಲ್ಲ ಎನ್ನುವುದು ಕಣ್ಣಿಗೇ ಕಾಣುತ್ತಿತ್ತು. ಕೈಗೆ ಸಿಕ್ಕ ಕಲ್ಲನ್ನು ಬೀಸಿ ಎಸೆದೆ.

ಅದು ಪಾತ್ರೆಗೆ ತಗುಲಿ ಚೀಲ ಅಲುಗಿತು. ಅವರು ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ. ನಿದ್ದೆಯಿಂದ ಎಬ್ಬಿಸಿದವರ ಹಾಗೆ ನೋಡಿದರು. ನಾನು ಎರಡೂ ಕೈ ಬೀಸಿದೆ. ಅವರು ನನ್ನ ಕಡೆಗೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವರು ನಿಂತಿದ್ದ ಜಾಗದ ಮೇಲೆ ಆ ಎರಡನೇ ಅಲೆ ಬಿತ್ತು. ಸೊಂಟದವರೆಗೂ ನೆನೆದು, ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಬಂದು ಉಸಿರು ಸಿಕ್ಕ ಮೇಲೆ, “ಕಟ್ಕೊಂಡ ಗಂಡಂಗೆ ಕಲ್ಲು ಹೊಡೀತೀಯಲ್ಲೇ,” ಎಂದರು. ನಗಲಿಕ್ಕೆ ನನ್ನಿಂದಾಗಲಿಲ್ಲ.

ಬಂಡೆಯ ಮೇಲಿನ ಹುಲ್ಲಿನಲ್ಲೇ, ಮುರಿದ ಗೋಡೆಯೊಂದರ ಮರೆಗೆ ಗುಡಾರ ಹಾಕಿದೆವು. ಅವರು ಒಣಬಟ್ಟೆ ಹಾಕಿಕೊಂಡು ನನಗೆ ಬೆನ್ನು ಮಾಡಿ ಸ್ಟವ್ ಹಚ್ಚುತ್ತಿದ್ದರು. ನನಗೆ ಆ ನಿದ್ದೆಗಣ್ಣಿನ ನೋಟವೇ ಕಾಡುತ್ತಿತ್ತು. ಏರುದನಿಯಿಲ್ಲದೆ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದೆ: “ರೀ, ನಿಮ್ಮ ಹೆಗಲ ಮೇಲೆ ಏಡಿ ಹತ್ತಿದೆ.”

ತಟ್ಟೆಯಲ್ಲಿ ಬೆಂದ ಏಡಿ ಇದ್ದರೂ ಕುರ್ಚಿ ಹಿಂದಕ್ಕೆಳೆಯುವ ಮನುಷ್ಯ. ಅಲುಗಲಿಲ್ಲ.

ನಾನು ಎದ್ದು ಅವರ ಎದುರಿಗೆ ಹೋಗಿ ಕುಳಿತೆ. “ಎಷ್ಟು ದಿನದಿಂದ?”

“ಏನು?”

“ಕಿವಿ.”

“ಗಾಳಿ ಜಾಸ್ತಿ ಇತ್ತು ಕಣೇ.”

“ಗುಡಾರದೊಳಗೂ ಗಾಳಿನಾ?”

ನೀರು ಕುದಿಯುವವರೆಗೂ ಸ್ಟವ್ವಿನ ಉರಿ ಸರಿಮಾಡುತ್ತ ಕುಳಿತರು. ಕುದಿಯುವುದನ್ನೂ ಮುಚ್ಚಳ ಅದುರುವುದು ನೋಡಿಯೇ ತಿಳಿದುಕೊಂಡರು. ಈಗ ನನಗೆ ಎಲ್ಲ ಕಾಣುತ್ತಿತ್ತು. ಆಮೇಲೆ ಹೇಳಿದರು: “ಮುಖ ಕಂಡ್ರೆ ಅರ್ಥ ಆಗುತ್ತೆ. ಗೊತ್ತಿರೋರದ್ದಾದ್ರೆ ಪೂರ್ತಿ, ಹೊಸಬರದ್ದು ಅರ್ಧ. ಬೆನ್ನ ಹಿಂದೆ ಮಾತ್ರ ಏನೂ ಇಲ್ಲ. ಫೋನಲ್ಲಿ ಮುಖ ಎಲ್ಲಿ ಬರುತ್ತೆ ಹೇಳು.”

“ನಂಗೆ ಯಾಕೆ ಹೇಳ್ಲಿಲ್ಲ?”

“ಕಿವಿ ಹೋದ ಮೆಕ್ಯಾನಿಕ್ಕನ್ನ ಯಾರು ಕರೀತಾರೆ?”

ಈಚೆಗೆ ಅವರು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಆಲಿಸುವುದನ್ನು ಬಿಟ್ಟು, ಬರಿಯ ಅಂಗೈ ಇಟ್ಟು ನೋಡುತ್ತಿದ್ದರು. ಪಳಗಿದ ಕೈ ಎಂದು ನಾನು ನೆರೆಯವರ ಹತ್ತಿರ ಕೊಚ್ಚಿಕೊಂಡಿದ್ದೆ.

ಮರುದಿನ ಮೇಲಿನ ದಾರಿಯಲ್ಲಿ ಪಕ್ಕಪಕ್ಕದಲ್ಲೇ ನಡೆದೆವು. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತೇವೆ. “ಅಲ್ಲಿ ಹೆಸರು ಕೂಗಿದ್ರೆ ಯಾರಿಗೆ ಕೇಳ್ಸುತ್ತೆ?” ಎಂದು ಈಗಲೇ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದಾರೆ. ಬಿಡುವುದಿಲ್ಲ.

ನೀನು ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಂದ ಎಂಜಿನ್ ಒಂದೂ ನಡುನೀರಿನಲ್ಲಿ ನಿಲ್ಲದಿರಲಿ. ರಜೆ ಸಿಕ್ಕಾಗ ಬಾ. ಬರುವಾಗ ಹಿತ್ತಲ ಬಾಗಿಲಿಂದ ಬರಬೇಡ, ಅವರ ಎದುರಿಗೇ ಬಂದು ನಿಲ್ಲು.

ನಿನ್ನ
ಅಮ್ಮ

ತಾ.ಕ.: ಕಾಗದ ಹರಿದದ್ದು ಎರಡು ಸಲವೂ ಇಲ್ಲಿಗೆ ಬಂದೇ. ಆ ಸಂಜೆ ಸ್ಟವ್ ಆರಿಸಿ ಮಲಗಿದ ಮೇಲೆ, ನಾನು ಕೇಳದೆಯೇ ಅವರು ಹೇಳಿದರು: “ನೀಲಿ ದೋಣಿ ದಿನ ಅವಳು ಬೇರಿಂಗ್ ಕಿರುಗುಟ್ತಿದೆ ಅಂದ್ಲು. ನಾನೂ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಬರೀ ಗುಂ ಅಂತಿತ್ತು. ಮತ್ತೆ ಮತ್ತೆ ಇಟ್ಟೆ. ಅವಳಿಗೆ ಕೇಳಿಸ್ತಿದೆ, ನಂಗಿಲ್ಲ ಅಂತ ಅಲ್ಲೇ ಗೊತ್ತಾಯ್ತು. ಅದನ್ನ ಹೇಳೋಕಾಗ್ದೆ, ಸುಳ್ಳು ಹೇಳ್ಬೇಡ ಅಂದೆ.”

“ಅವಳಿಗೆ ಇದನ್ನ ತಿಳಿಸ್ಲಾ?” ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಗುಡಾರದೊಳಗೆ ಕತ್ತಲಿತ್ತು, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಬೇಡ ಅನ್ನಲಿಲ್ಲ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ.