ಅಂ-ಬ್ರೆಲ್-ಲಾ

೧೪ ಜುಲೈ ೨೦೧೧, ಗುರುವಾರ. ಬೇಡಕಿಹಾಳ.

ಬೆಳಿಗ್ಗೆ ನಮ್ಮ ಯಜಮಾನರ ಮೇಲೆ ರೇಗಬಾರದಿತ್ತು. "ಲಗೂನ ಹೇಳ್ರಿ, ನನಗ ಕೆಲ್ಸ ಅದಾವು" ಅಂದುಬಿಟ್ಟೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಮನುಷ್ಯ. ಲಕ್ವಾ ಹೊಡೆದು ನಾಲ್ಕು ತಿಂಗಳಾಯಿತು, ಈಗ ನೀರು ಕೇಳಲೂ ಒದ್ದಾಡುತ್ತಾರೆ.

ಸಂಜೆ ಮಾತು ರೂಢಿ ಮಾಡಿಸಲು ಪಾಟಿ, ಬಳಪ ಹಿಡಿದು ಎದುರಿಗೆ ಕೂತೆ. ಉದ್ದ ಶಬ್ದ ಬಂದರೆ ನಡುನಡುವೆ ಸಣ್ಣ ಗೆರೆ ಎಳೆದು, "ಕಬ್ಬ ಮುರದಂಗ ಗಣಿಕಿ ಗಣಿಕಿ ಮುರೀಬೇಕ್ರಲೇ" ಎಂದು ಮಕ್ಕಳಿಗೆ ಹೇಳುತ್ತಿದ್ದವರು ಇವರೇ. ಏಳನೇ ಇಯತ್ತೆ ಓದಿದ ನಾನು ಈಗ ಇವರಿಗೆ ಮಾಸ್ತರು!

ಅಂ-ಬ್ರೆಲ್-ಲಾ ಎಂದು ಬರೆದು ತೋರಿಸಿದೆ. ಒಂದೊಂದೇ ತುಂಡು ಹೇಳಿ ಮುಗಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು.

"ಅಂದ್ರ ಏನ್ರಿ?" ಎಂದೆ, ಅವರ ಹಳೆಯ ಗತ್ತಿನಲ್ಲೇ.

ತುಟಿ ಅಲುಗಾಡಿತು, ಮಾತು ಬರಲಿಲ್ಲ. ಬಾಗಿಲ ಹಿಂದೆ ತೂಗುಹಾಕಿದ ಛತ್ರಿಯನ್ನು ತೋರಿಸಿಯಾರು ಎಂದುಕೊಂಡೆ. ಅತ್ತ ನೋಡಲೇ ಇಲ್ಲ. ಸ್ವಾಧೀನ ಇರುವ ಎಡಗೈಯನ್ನು ಮೆಲ್ಲಗೆ ಎತ್ತಿ, ಬೆರಳು ಅಗಲಿಸಿ, ನನ್ನ ತಲೆಯ ಮೇಲೆ ಹಿಡಿದರು.

ಬೆಳಿಗ್ಗೆ ನನ್ನಿಂದ ಬೈಸಿಕೊಂಡವರು.

ಕೈ ಇಳಿಸದೆ ಹಾಗೇ ಹಿಡಿದಿದ್ದರು. "ಸಾಕ್ರಿ, ಇಳಸ್ರಿ" ಅನ್ನಬೇಕಿತ್ತು. ಅನ್ನಲಿಲ್ಲ. ಅದರ ಕೆಳಗೇ ಕೂತಿದ್ದೆ.