ಕೈ ಆನಿಸಿದ ಗೋಡೆ

ಭಾನುವಾರ, ಹದಿನೆಂಟನೇ ತಾರೀಖು

ಪ್ರೀತಿಯ ಚಿಕ್ಕೂಗೆ,

ಅಕ್ಕನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಗೀಗ ನಿನ್ನ ಫೋನನ್ನು ಅರ್ಧ ಸಲ ಅಮ್ಮನೇ ಎತ್ತುತ್ತಾಳೆ. ಅವಳ ಮುಂದೆ ಆಡುವ ಮಾತಲ್ಲ ಇದು.

ನಿಮ್ಮ ಭಾವನ ಮಂಡಿನೋವು ಇಳಿದಿದೆ. ಮಗಳ ಪರೀಕ್ಷೆ ಮುಗಿದು ಮನೆಯಲ್ಲಿ ಅವಳದೇ ರಾಜ್ಯ. ಕೆಳಗಿನ ಮನೆಯವರು ಮೆಟ್ಟಿಲ ಬಾಯಲ್ಲಿ ಸೈಕಲ್ ನಿಲ್ಲಿಸುವುದನ್ನು ಇನ್ನೂ ಬಿಟ್ಟಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ: ಅಮ್ಮ ಇನ್ನು ನಿನ್ನ ಮನೆಯಲ್ಲೇ ಇರಲಾ ಎಂದು. ಹದಿನೈದು ದಿನದ ಮಟ್ಟಿಗೆ ಎಂದು ನೀನು ಅವಳನ್ನು ಕರೆದುಕೊಂಡು ಹೋದೆ, ನಾಲ್ಕು ತಿಂಗಳಾಯಿತು. ಮೊದಲು ನಿಜ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚಾಗಿದೆ. ನಿನ್ನ ಮೇಲೆ ಎಂದುಕೊಂಡಿದ್ದೆ. ಕೂತು ಯೋಚಿಸಿದರೆ, ನಿನ್ನ ಗೋಡೆಯ ಮೇಲೆ.

ಹೋದ ಮೊದಲ ವಾರವೇ ಅಮ್ಮ ಫೋನಿನಲ್ಲಿ ಹೇಳಿದ್ದಳು, "ಇಲ್ಲಿ ಗೋಡೆ ಮುಟ್ಟಿದ್ರೆ ಗೋಡೆ ಅನ್ಸುತ್ತೆ ಕಣೇ" ಎಂದು. ಹಾಗಾದರೆ ನನ್ನ ಮನೆಯಲ್ಲಿ ಒಂಬತ್ತು ವರ್ಷ ಅವಳು ಮುಟ್ಟಿದ್ದು ಏನನ್ನು? ಆಮೇಲೆ ದಿನಾ ಅದೇ ವರದಿ. ನಿನ್ನ ಸುಣ್ಣದ ಗಾರೆಯ ಗೋಡೆ ತಂಪಾಗಿದೆ, ಬೆತ್ತದ ಕುರ್ಚಿ ಬೆನ್ನಿಗೆ ಹಿತ, ಪಾಲಿಶ್ ಹಾಕದ ಮೇಜಿನ ಮೇಲೆ ಮರದ ಗೆರೆಗಳು ಬೆರಳಿಗೆ ಸಿಗುತ್ತವೆ, ನಾರಿನ ಜಮಖಾನೆ ಕಾಲಿಗೆ ಕಚಗುಳಿ ಇಡುತ್ತದೆ. ತಮ್ಮ ಮನೆಯ ಒಳಾಂಗಣ ನಿನ್ನಿಂದ ಮಾಡಿಸಿಕೊಳ್ಳುವ ಗಿರಾಕಿಗಳು ಮಾದರಿಗೆಂದು ನಿನ್ನ ಮನೆ ನೋಡಲು ಬಂದಾಗ ಅಮ್ಮನೇ ಅವರ ಕೈಹಿಡಿದು ಗೋಡೆ ಮುಟ್ಟಿಸುತ್ತಾಳಂತೆ. "ಕಣ್ಣಿಗೆ ಹಾಕೋ ಖರ್ಚಲ್ಲಿ ಸ್ವಲ್ಪ ಕೈಗೂ ಹಾಕಿ" ಅನ್ನುತ್ತಾಳಂತೆ. ಅದು ನಿನ್ನ ಮಾತು, ನನಗೆ ಗೊತ್ತು. ಅಮ್ಮನ ಬಾಯಲ್ಲಿ ಕೇಳಿ ಮೈ ಉರಿಯಿತು.

ನನ್ನ ಮನೆ ಆಸ್ಪತ್ರೆಯ ವಾರ್ಡಿನಂತಿದೆ ಎಂದು ನೀನೇ ಒಮ್ಮೆ ತಮಾಷೆ ಮಾಡಿದ್ದೆ. ಒಪ್ಪುತ್ತೇನೆ. ಪರದೆ ತೆಗೆಸಿದ್ದು ಅಮ್ಮನ ಉಬ್ಬಸಕ್ಕೆ. ಜಮಖಾನೆ ಸುತ್ತಿ ಅಟ್ಟಕ್ಕೆ ಹಾಕಿದ್ದು ಅವಳು ಅದರ ಅಂಚಿಗೆ ಎಡವಿ ಬಿದ್ದ ಮೇಲೆ. ಗೋಡೆಗೆ ನುಣ್ಣನೆಯ ಬಣ್ಣ ಬಳಿಸಿದ್ದು ಔಷಧಿ ಚೆಲ್ಲಿದರೆ ಒರೆಸಲು ಸುಲಭವೆಂದು. ಒಂದೊಂದಾಗಿ ಈ ಮನೆಯ ಮೆತ್ತನೆಯದನ್ನೂ ಒರಟಾದದ್ದನ್ನೂ ನಾನು ತೆಗೆದದ್ದು ಅವಳಿಗಾಗಿಯೇ. ಈಗ ನಿನ್ನ ಮನೆಯಲ್ಲಿ ಅವೆಲ್ಲ ಅವಳಿಗೆ ಸಿಕ್ಕಿವೆ, ಕೆಮ್ಮು ಮಾತ್ರ ಬಂದಿಲ್ಲ. ಬೈಯಬೇಡ, ಫೋನಿನಲ್ಲಿ ಅವಳು ಒಂದು ಸಲವಾದರೂ ಕೆಮ್ಮಲಿ ಎಂದು ನಾನು ಕಾದದ್ದುಂಟು.

ಕಳೆದ ತಿಂಗಳು ಪೇಂಟರನ್ನು ಕರೆಸಿದೆ. ಅಮ್ಮನ ಕೋಣೆಯ ಗೋಡೆಗೆ ಉಬ್ಬುತಗ್ಗಿನ ಟೆಕ್ಸ್ಚರ್ ಲೇಪ ಮಾಡಿಕೊಡಿ ಎಂದೆ. ಅವರು ಮಾದರಿ ಹಲಗೆಗಳನ್ನು ತಂದು ಹರಡಿದರು: ಮರದ ತೊಗಟೆ, ಕಿತ್ತಳೆ ಸಿಪ್ಪೆ, ಮರಳಿನ ಅಲೆ. ಒಂದು ಗೋಡೆಗೆ ಸಾಕು, ಉಳಿದವು ಸಾದಾ ಇದ್ದರೇ ಅಂದ ಎಂದರು. ನೀನೂ ಎಲ್ಲರಿಗೂ ಅದನ್ನೇ ಹೇಳುತ್ತೀಯಲ್ಲ. ನಿನಗೆ ಒಂದು ಗೋಡೆಯಾದರೆ ನನಗೆ ನಾಲ್ಕಿರಲಿ ಎಂದು ನಾಲ್ಕಕ್ಕೂ ಮರಳಿನ ಅಲೆ ಮಾಡಿಸಿದೆ. ಒಣಗಿದ ಮೇಲೆ ನಿಮ್ಮ ಭಾವ ಬಾಗಿಲಲ್ಲಿ ನಿಂತು ನೋಡಿ, "ಇನ್ನು ಈ ಮನೇಲಿ ಬೆನ್ನು ತುರಿಸ್ಕೊಳ್ಳೋಕೆ ಯಾರನ್ನೂ ಕರೀಬೇಕಾಗಿಲ್ಲ" ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಮೂರನೆಯ ದಿನ ನನ್ನ ಮೊಣಕೈಯೇ ತರಚಿತು, ಹೇಳಲಿಲ್ಲ.

ಹೋದ ಭಾನುವಾರ ನೀನು ಅಮ್ಮನನ್ನು ಸಂಜೆಯ ತನಕ ಇರಲೆಂದು ಬಾಗಿಲಲ್ಲೇ ಇಳಿಸಿ ಗಿರಾಕಿಯ ಮನೆಗೆ ಹೋದೆಯಲ್ಲ, ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ನಾನು ಅವಳನ್ನು ನೇರ ಕೋಣೆಗೆ ಕರೆದುಕೊಂಡು ಹೋದೆ. ಹೊಸ ಹಾಸಿಗೆ, ಹೊಸ ಗೋಡೆ, ಕಿಟಕಿಗೆ ನಿನ್ನ ಮನೆಯಲ್ಲಿರುವಂಥದೇ ಒರಟು ನೂಲಿನ ಪರದೆ. ಚೆನ್ನಾಗಿದೆ ಅಂದಳು. ಸ್ವಲ್ಪ ಹೊತ್ತು ಮಲಗಿ ಬಚ್ಚಲಿಗೆಂದು ಎದ್ದಳು. ಎಂದಿನಂತೆ ಎಡಗೈ ಗೋಡೆಗೆ ಆನಿಸಿದಳು, ಸುಟ್ಟುಕೊಂಡವಳಂತೆ ಹಿಂದಕ್ಕೆ ತೆಗೆದಳು.

"ಇದೇನೇ, ಗೋಡೆಗೆ ಬೆವರುಸಾಲೆ ಎದ್ದಿದೆ?"

ನಾನು ನಕ್ಕೆ. ಅವಳು ನಗಲಿಲ್ಲ. ಸೊಂಟದ ಎತ್ತರದಲ್ಲಿ ಗೋಡೆಯನ್ನು ಮೆಲ್ಲಗೆ ಸವರುತ್ತ ಏನನ್ನೋ ಹುಡುಕಿದಳು. ಏನಮ್ಮಾ ಎಂದೆ. "ನನ್ನ ಗೆರೆ ಎಲ್ಲಿ ಹೋಯ್ತು?" ಅಂದಳು.

ಆ ಗೆರೆ ನಿನಗೂ ನೆನಪಿರಬೇಕು. ಮಂಚದಿಂದ ಬಚ್ಚಲಿನ ತನಕ ಅವಳ ಕೈ ಆಡಿ ಆಡಿ ಗೋಡೆಯಲ್ಲಿ ಬಿದ್ದಿದ್ದ ಕಂದು ಪಟ್ಟೆ. ಅದನ್ನು ಪ್ರತಿ ಭಾನುವಾರ ಸೋಪಿನ ನೀರು ಹಾಕಿ ಉಜ್ಜುತ್ತಿದ್ದೆ. ಬಂದವರು ನೋಡಿದರೆ ಅಮ್ಮನನ್ನು ಎಂಥ ಕೊಳೆಯಲ್ಲಿ ಇಟ್ಟಿದ್ದಾಳೆ ಅಂದಾರೆಂದು. ಬಣ್ಣ ಸವೆದು ಅಲ್ಲೊಂದು ನುಣುಪು ಕೂತಿತ್ತು, ಸ್ವಲ್ಪ ತಗ್ಗೂ ಆಗಿತ್ತು. ಕತ್ತಲಲ್ಲೂ ಅವಳ ಬೆರಳು ಅದನ್ನೇ ಹಿಡಿದು ನಡೆಯುತ್ತಿತ್ತೆಂದು ನನಗೆ ಹೊಳೆದಿರಲೇ ಇಲ್ಲ. ಜಿಡ್ಡಿದ್ದರೆ ಹೊಸ ಲೇಪ ಹಿಡಿಯುವುದಿಲ್ಲವೆಂದು ಪೇಂಟರ್ ಮೊದಲು ತಿಕ್ಕಿ ತೆಗೆದದ್ದೇ ಅದನ್ನು. ನಾನೇ ಪಕ್ಕದಲ್ಲಿ ನಿಂತು, ಪೂರ್ತಿ ಹೋಗಲಿ ಎಂದಿದ್ದೆ.

ಅವಳ ಅಂಗೈ ಕೆಂಪಾಗಿತ್ತು. ಎಣ್ಣೆ ಹಚ್ಚಿದೆ. ನನ್ನ ಕೈ ಹಿಡಿದುಕೊಂಡೇ ಬಚ್ಚಲಿಗೆ ಹೋಗಿಬಂದಳು.

ನಿನ್ನ ಕಾಗದದ ಕೊನೆಯಲ್ಲಿ ಬರೆದಿದ್ದೀಯ: ಅಮ್ಮನ ಕೈ ತಾಗಿ ನಿನ್ನ ಗಾರೆಯ ಗೋಡೆಗೆ ಮೆರುಗು ಬರುತ್ತಿದೆ, ಯಾವ ಗಾರೆಯವನ ಕರಣೆಯಿಂದಲೂ ಬರಿಸಲಾಗದ ಮೆರುಗು, ಅದನ್ನು ಒರೆಸಲು ಯಾರಿಗೂ ಬಿಡುವುದಿಲ್ಲ ಎಂದು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅದೇ ಕೈ, ಅದೇ ಬೆವರು. ನಿನ್ನ ಮನೆಯಲ್ಲಿ ಬಂದವರಿಗೆ ತೋರಿಸುವಂಥದ್ದು, ನನ್ನ ಮನೆಯಲ್ಲಿ ಬಂದವರು ನೋಡದಂತೆ ಉಜ್ಜುವಂಥದ್ದು. ನಿನಗದು ನಾಲ್ಕೇ ತಿಂಗಳಲ್ಲಿ ಕಂಡಿತಲ್ಲೇ.

ಇರಲಿ. ಅಮ್ಮ ಅಲ್ಲೇ ಇರಲಿ. ಅವಳ ಕಾಲುಮಣೆ, ಶಾಲು, ರೇಡಿಯೋ ಕಟ್ಟಿಟ್ಟಿದ್ದೇನೆ. ನಿಮ್ಮ ಭಾವ ಬುಧವಾರ ತಂದುಕೊಡುತ್ತಾರೆ. ಉಬ್ಬಸದ ಮದ್ದನ್ನು ಅವಳ ಕೈಗೆಟಕುವಲ್ಲಿ ಇಡು. ಕೇಳಿ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಆ ಜಮಖಾನೆಯ ನಾಲ್ಕೂ ಅಂಚನ್ನು ನೆಲಕ್ಕೆ ಅಂಟಿಸು. ಅಂದ ಕೆಡುತ್ತದೆ ಎನ್ನಬೇಡ. ಬಿದ್ದಾಗ ಎತ್ತಿದವಳು ಹೇಳುತ್ತಿದ್ದೇನೆ.

ನಿನ್ನ ಕೆಲಸ ಇನ್ನೂ ಬೆಳೆಯಲಿ, ನಿನ್ನ ಮನೆ ತಣ್ಣಗಿರಲಿ. ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ, ಅನುಮಾನ ಬೇಡ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಹೋದ ಭಾನುವಾರ ಸಂಜೆ ಅವಳನ್ನು ಕರೆದೊಯ್ಯಲು ಬಂದ ನಿನ್ನ ಕಾರಿನ ಹಾರ್ನ್ ಕೇಳಿದಾಗ ಅಮ್ಮ ಚಹಾ ಕುಡಿದು ಮುಗಿಸಿದ್ದಳು. ಈ ಮನೆಯಲ್ಲಿದ್ದಷ್ಟು ಕಾಲ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಎದ್ದುಹೋಗುತ್ತಿದ್ದಳು, ನಾನು ಗೊಣಗುತ್ತ ಎತ್ತುತ್ತಿದ್ದೆ. ಆವತ್ತು ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಇದನ್ನ ಎಲ್ಲಿಡಲಿ?" ಎಂದು ಕೇಳಿದಳು. ನೆಂಟರು ಕೇಳುವ ಹಾಗೆ. ಕೊಡಮ್ಮ ಎಂದು ಇಸಿದುಕೊಂಡೆ. ನಿನ್ನ ಮನೆಯಲ್ಲಿ ಅವಳು ಲೋಟ ಎಲ್ಲಿಡುತ್ತಾಳೆ? ಕೇಳಿ ಇಡುತ್ತಾಳಾ, ಕೇಳದೆಯಾ? ಅಷ್ಟನ್ನು ಮಾತ್ರ ಬರೆ.