ನಡುವೆ ಹಾಕುವ ಪದ

ಲಿನ್‌ಫೆನ್
ಮಾರ್ಚ್ 21, 2006

ಪ್ರಿಯ ಸುಯಿಂಗ್,

ನಾನು ಕ್ಷೇಮ. ಲಾನ್‌ಜೌದಲ್ಲಿ ಅಕ್ಕನ ಮನೆಯಲ್ಲಿ ನೀನೂ ಹೊತ್ತುಹೊತ್ತಿಗೆ ಉಣ್ಣುತ್ತಿರುವೆ ಎಂದು ನಂಬಿದ್ದೇನೆ. ಹೊಸ ವರ್ಷಕ್ಕೇ ಬರೆಯಬೇಕಿತ್ತು, ತಡವಾಯಿತು, ಬೈದುಕೋ. ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲುತ್ತಿತ್ತು. ಇಷ್ಟು ವರ್ಷ ನಿನ್ನನ್ನು 'ರುಯಿಯ ಅಮ್ಮ' ಎಂದೇ ಕರೆದವನು ನಾನು. ಮಗ ಹೋದ ಮೇಲೆ ನಿನ್ನ ಹೆಸರು ಹಿಡಿದು ಬರೆಯುವುದು ಯಾರೋ ಪರಸ್ತ್ರೀಗೆ ಬರೆದಂತೆ ಮುಜುಗರವಾಗುತ್ತದೆ.

ಕೆಳಮನೆಯ ಮಾ ಅಜ್ಜಿ ಮಾತ್ರ ಬದಲಾಗಿಲ್ಲ. "ಏನೋ ರುಯಿಯ ಅಪ್ಪಾ, ಹೆಂಡ್ತಿ ಇಲ್ಲ ಅಂತ ಗಡ್ಡ ಬಿಟ್ಕೊಂಡು ಸನ್ಯಾಸಿ ಆಗ್ತೀಯೇನೋ?" ಎಂದು ಮೆಟ್ಟಿಲಲ್ಲೇ ಅಡ್ಡಗಟ್ಟುತ್ತಾಳೆ. ಮೆಟ್ಟಿಲ ದೀಪದ ವಿಷಯವನ್ನೂ ಮೊದಲು ಎತ್ತಿದವಳು ಅವಳೇ. ಸದ್ದು ಕೇಳಿದರೆ ಹೊತ್ತಿಕೊಳ್ಳುವ ಆ ದೀಪ ಈಗ ಸದ್ದಿಲ್ಲದೆಯೂ ಹೊತ್ತಿಕೊಳ್ಳುತ್ತದೆ, ಅದೂ ಶಾಲೆ ಬಿಡುವ ಹೊತ್ತಿಗೆ. ರುಯಿ ಕಾಲು ಅಪ್ಪಳಿಸಿ, "ಏಯ್!" ಎಂದು ಕೂಗಿ ಹೊತ್ತಿಸುತ್ತಿದ್ದನಲ್ಲ. "ತಂತಿ ಕೆಟ್ಟಿರ್ಬೇಕು, ಸರಿ ಮಾಡ್ಸೋ" ಎಂದಳು ಅಜ್ಜಿ. ಹೂಂ ಎಂದೆ, ಮಾಡಿಸಿಲ್ಲ. ಬಾಗಿಲ ಸಂದಿಯಲ್ಲಿ ಬೆಳಕು ಕಂಡಾಗ ಎದ್ದು ಹೋಗಿ ತೆಗೆಯುತ್ತೇನೆ. ಹೆದರಿಕೆಯಾಗುತ್ತದೆ, ಆದರೂ ತೆಗೆಯುತ್ತೇನೆ.

ಶಾಲೆಯಲ್ಲಿ ಈ ವಾರ ಇಂಗ್ಲಿಷಿನ ಜೋಡಿ ವಾಕ್ಯಗಳ ಪಾಠ. ನಮ್ಮ ಮಕ್ಕಳು ಗೊತ್ತಲ್ಲ, ಎರಡು ಮಾತನ್ನು ಪಕ್ಕಪಕ್ಕ ಇಟ್ಟು, ನಡುವೆ ಒಂದು ಅಲ್ಪವಿರಾಮ ಎಳೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಭಾಷೆಗೆ ಅಷ್ಟು ಸಾಕು. ಇಂಗ್ಲಿಷಿನಲ್ಲಿ ನಡುವೆ ಒಂದು ಪದ ಹಾಕಲೇಬೇಕು ಎಂದರೆ ಹಿಂದಿನ ಬೆಂಚಿನ ತುಂಟನೊಬ್ಬ, "ಅಷ್ಟೂ ಅರ್ಥ ಆಗಲ್ವಾ ಸಾರ್ ಇಂಗ್ಲಿಷ್‌ನೋರಿಗೆ?" ಎಂದ. ನಾನೂ ನಕ್ಕೆ.

ಮೊನ್ನೆ ವೇಯ್ ಮಿಯಾವೊ ಎಂಬ ಹುಡುಗಿ ಬರೆದಿದ್ದಳು: 'ತಾತ ಪಂಜರದ ಬಾಗಿಲು ತೆಗೆದರು, ಹಕ್ಕಿ ಹಾರಿಹೋಯಿತು.' ನಡುವೆ 'ಆದ್ದರಿಂದ' ಹಾಕು ಎಂದೆ. ಹುಡುಗಿ ಒಪ್ಪಲಿಲ್ಲ.

"ಹಾಗೆ ಹಾಕಿದ್ರೆ ತಾತಂದೇ ತಪ್ಪು ಅಂತಾಗತ್ತೆ ಸಾರ್. ಅವ್ರು ನೀರಿಡೋಕೆ ತೆಗೆದಿದ್ದು."

"ಸರಿ, 'ಮತ್ತು' ಹಾಕಮ್ಮ."

"ಅದು ಸುಳ್ಳಾಗಲ್ವಾ? ತೆಗೆದಿದ್ದಕ್ಕೇ ತಾನೇ ಹಾರಿದ್ದು?"

ವ್ಯಾಕರಣದ ಪ್ರಕಾರ ಎರಡೂ ಸರಿ ಎಂದುಬಿಟ್ಟೆ. ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ಉಳಿದ ಪಾಠವನ್ನು ಮಕ್ಕಳೇ ಓದಿಕೊಂಡರು.

ಸಮಾಧಿ ಗುಡಿಸುವ ಹಬ್ಬ ಹತ್ತಿರ ಬಂತು. ಹಿರಿಯರು ಕಿರಿಯರ ಸಮಾಧಿಗೆ ಹೋಗಬಾರದು ಎಂದು ನನ್ನಮ್ಮ ಹಟ ಹಿಡಿದಿದ್ದಾಳೆ. ನಾನು ಹೋಗುವವನೇ. ನೀನೂ ಬಂದರೆ ಇಬ್ಬರೂ ಹೋಗೋಣ, ಆಮೇಲೆ ಮನೆಗೇ ಬಂದುಬಿಡು ಎಂದು ಕೇಳುವ ಆಸೆ. ಅಕ್ಕನಿಗೆ ನಮಸ್ಕಾರ ತಿಳಿಸು, ಅವಳ ಮಕ್ಕಳಿಗೆ ಆಶೀರ್ವಾದ. ನಿನಗೆ ನಿದ್ದೆ ಚೆನ್ನಾಗಿ ಬರಲಿ.

ನಿನ್ನ
ಫಾನ್ ಶೌಲಿನ್

ಮ.ಬ.: ಮರೆತಿದ್ದೆ ಎಂದರೆ ಸುಳ್ಳು, ಇದನ್ನು ಬರೆಯಲೆಂದೇ ಕೂತದ್ದು. ಮನೆ ಬಿಡುವ ದಿನ ನೀನು ಕೇಳಿದೆ: "ನಾನು ವಿನೆಗರ್ ತರೋಕೆ ಕಳ್ಸಿದ್ದಕ್ಕೇ ಅಲ್ವಾ ಅವ್ನು ಹೋಗಿದ್ದು?" ನಾನು ನಿನ್ನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ನೀನು ಕಳಿಸಿದೆ, ಲಾರಿ ಬಂತು. ಹಗಲೆಲ್ಲ ಆ ಎರಡರ ನಡುವೆ 'ಮತ್ತು' ಎಂದೇ ಹೇಳಿಕೊಳ್ಳುತ್ತೇನೆ. ನಿದ್ದೆಯಲ್ಲಿ ಇನ್ನೊಂದು ಪದ ಬರುತ್ತದೆ, ಸುಯಿಂಗ್. ಇದು ತಿಳಿದ ಮೇಲೂ ಬರಬಲ್ಲೆಯಾದರೆ, ಬಾ.